ಮಂಗಳೂರು–ಬೆಂಗಳೂರು ವಿಮಾನಯಾನ: ದೂರವೆಷ್ಟು, ಸಮಯವೆಷ್ಟು?



ಕಳೆದ ಮಳೆಗಾಲದಲ್ಲಿ ಪುತ್ತೂರು ಕಡೆಯ ನಮ್ಮ ಸದಸ್ಯರೊಬ್ಬರು, ಬೆಂಗಳೂರಿನ ಆಸ್ಪತ್ರೆಯಲ್ಲಿದ್ದ ತಾಯಿಯ ಶಸ್ತ್ರಚಿಕಿತ್ಸೆಗೆ ಬೆಳಿಗ್ಗೆ 10 ಗಂಟೆಗೆ ಒಪ್ಪಿಗೆಯ ರುಜು ಹಾಕಬೇಕಾಗಿತ್ತು. ವಿಮಾನದಲ್ಲಿ ಒಂದೇ ಗಂಟೆಯ ದಾರಿಯೆಂದು ನಂಬಿ 8 ಗಂಟೆಯ ವಿಮಾನ ಹಿಡಿದರು. ಆಸ್ಪತ್ರೆ ಮುಟ್ಟುವಾಗ ಹನ್ನೊಂದೂವರೆ. ಉಪವಾಸವಿದ್ದ ಆ ವೃದ್ಧೆಗೆ ಅಂದು ಚಿಕಿತ್ಸೆ ಆಗಲಿಲ್ಲ; ಮರುದಿನಕ್ಕೆ ಹೋಯಿತು. ಇಂತಹ ತೊಂದರೆ ಇನ್ನೊಬ್ಬರಿಗೆ ಬಾರದಿರಲೆಂದು ಈ ನಾಲ್ಕು ಮಾತು.

ಬಜಪೆಯ ವಿಮಾನ ನಿಲ್ದಾಣದಿಂದ ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣಕ್ಕೆ ಆಕಾಶಮಾರ್ಗದ ನೇರ ದೂರ ಸುಮಾರು 307 ಕಿ.ಮೀ. ವೈಮಾನಿಕರ ಲೆಕ್ಕದಲ್ಲಿ 166 ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿ.ಮೀ. ಮಂಗಳೂರಿನಿಂದ ಶಿರಾಡಿ ಘಾಟಿಯ ರಸ್ತೆ ಸುಮಾರು 350 ಕಿ.ಮೀ. ಅಂದಮೇಲೆ ಉಳಿಯುವ ದೂರ ಹೆಚ್ಚೇನಲ್ಲ. ಲಾಭವಿರುವುದು ವೇಗದಲ್ಲಿ.

ಪಂಖವುಳ್ಳ ಎ.ಟಿ.ಆರ್. ವಿಮಾನ ಗಂಟೆಗೆ ಸುಮಾರು 500 ಕಿ.ಮೀ., ಜೆಟ್ ವಿಮಾನ ಸುಮಾರು 800 ಕಿ.ಮೀ. ವೇಗದಲ್ಲಿ ಹಾರಬಲ್ಲದು. ಭಾಗಿಸಿ ನೋಡಿದರೆ 37 ನಿಮಿಷ ಮತ್ತು 23 ನಿಮಿಷ. ಆದರೂ ವೇಳಾಪಟ್ಟಿಯಲ್ಲಿ ಒಂದು ಗಂಟೆ ಅಥವಾ ತುಸು ಹೆಚ್ಚೇ ಇರುತ್ತದೆ. ಕಾರಣವಿಷ್ಟೆ: ಪಟ್ಟಿಯ ಸಮಯವು ವಿಮಾನ ಇಲ್ಲಿ ನಿಂತ ಜಾಗದಿಂದ ಕದಲಿದಂದಿನಿಂದ ಅಲ್ಲಿ ಹೋಗಿ ನಿಲ್ಲುವವರೆಗಿನದು. ರನ್‌ವೇವರೆಗಿನ ಸಾಗಾಟ, ಏರಿಕೆ, ಇಳಿಕೆ, ಇಳಿಯಲು ಕಾಯುವ ಸರದಿ ಎಲ್ಲವೂ ಅದರಲ್ಲಿ ಸೇರಿವೆ. ಇಷ್ಟು ಹತ್ತಿರದ ಹಾರಾಟದಲ್ಲಿ ಪೂರ್ಣ ವೇಗದಿಂದ ಸಾಗುವುದು ಸ್ವಲ್ಪ ಹೊತ್ತು ಮಾತ್ರ. ಬಜಪೆ ನಿಲ್ದಾಣ ಗುಡ್ಡದ ನೆತ್ತಿಯ ಮೇಲಿರುವುದರಿಂದ, ಮಳೆಗಾಲದಲ್ಲಿ ಮೋಡ ಕವಿದಾಗ ವಿಮಾನ ಸುತ್ತು ಹಾಕುವುದೂ ಬೇರೆ ನಿಲ್ದಾಣಕ್ಕೆ ತಿರುಗುವುದೂ ಉಂಟು.

ಇನ್ನು ಮನೆಬಾಗಿಲಿನಿಂದ ಲೆಕ್ಕ ಹಾಕೋಣ. ಪುತ್ತೂರಿನ ತೋಟದ ಮನೆಯಿಂದ ಬಜಪೆಗೆ 2 ಗಂಟೆ. ಸಾಮಾನು ಒಪ್ಪಿಸುವ ಕೌಂಟರನ್ನು ಸಾಮಾನ್ಯವಾಗಿ ವಿಮಾನ ಹೊರಡುವ 60 ನಿಮಿಷ ಮೊದಲೇ ಮುಚ್ಚುವುದರಿಂದ ಒಂದೂವರೆ ಗಂಟೆ ಮುಂಚಿತವಾಗಿ ಅಲ್ಲಿರಬೇಕು. ಹಾರಾಟಕ್ಕೆ 1 ಗಂಟೆ. ಸಾಮಾನು ಪಡೆದು ಹೊರಬರಲು ಅರ್ಧ ಗಂಟೆ. ದೇವನಹಳ್ಳಿಯಿಂದ ನಗರದ ದಕ್ಷಿಣ ಭಾಗಕ್ಕೆ, ಕಚೇರಿ ವೇಳೆಯ ವಾಹನದಟ್ಟಣೆಯಲ್ಲಿ, ಒಂದೂವರೆಯಿಂದ 2 ಗಂಟೆ. ಒಟ್ಟು ಆರೂವರೆಯಿಂದ 7 ಗಂಟೆ! ರಾತ್ರಿ ಬಸ್ಸಿಗೂ ಇದಕ್ಕೂ ಅಂತರ ಅಲ್ಪವೇ. ಸಕಲೇಶಪುರದವರಂತೂ ಬೆಂಗಳೂರಿಗೆ ಬೆನ್ನು ಹಾಕಿ, ವಿಮಾನಕ್ಕಾಗಿ ಘಾಟಿ ಇಳಿಯುವುದರಲ್ಲಿ ಅರ್ಥವಿಲ್ಲ.

ಹಾಗೆಂದು ವಿಮಾನ ಬೇಡವೆಂದಲ್ಲ. ವೃದ್ಧರಿಗೆ, ಘಾಟಿಯ ತಿರುವು ತಾಳದವರಿಗೆ, ರಸ್ತೆಗೆ ಗುಡ್ಡ ಕುಸಿದ ದಿನಗಳಲ್ಲಿ ಎಲ್ಲರಿಗೂ ಅದೇ ಆಸರೆ. ಆದರೆ ಆಸ್ಪತ್ರೆ, ನ್ಯಾಯಾಲಯ, ಪರೀಕ್ಷೆ, ವಿದೇಶಕ್ಕೆ ಹೊರಟ ಮಕ್ಕಳ ಮುಂದಿನ ವಿಮಾನ ಮುಂತಾಗಿ ಗಳಿಗೆ ತಪ್ಪಬಾರದ ಕೆಲಸವಿದ್ದಲ್ಲಿ, ಟಿಕೆಟ್ಟಿನ ಒಂದು ಗಂಟೆಯನ್ನು ನೆಚ್ಚದೆ ಹಿಂದಿನ ದಿನವೇ ಹೊರಡುವುದು ಲೇಸೆಂದು ನಮ್ಮ ವಿನಂತಿ.