ಮಾವಳ್ಳಿಗೋ, ಗಾಂಧಿಬಜಾರಿಗೋ?

ರಾತ್ರಿ ಬಸ್ಸಿಗೆ ಹತ್ತಿ ಬೆಳಗಾಗುವಷ್ಟರಲ್ಲಿ ಬೆಂಗಳೂರಿಗೆ ಬಂದಿಳಿಯುವ ನೆಂಟರು ಬ್ಯಾಗು ಇಳಿಸುತ್ತಲೇ ಕೇಳುತ್ತಾರೆ: ‘ತಿಂಡಿಗೆ ಎಂಟಿಆರ್‌ಗೆ ಹೋಗೋಣವೋ, ವಿದ್ಯಾರ್ಥಿ ಭವನಕ್ಕೋ?’ ಇರುವುದು ಒಂದೇ ಬೆಳಗು, ಒಂದೇ ಹೊಟ್ಟೆ. ಎರಡೂ ಚೆನ್ನಾಗಿವೆ ಎಂದು ಜಾರಿಕೊಂಡರೆ ಕೇಳಿದವರಿಗೆ ಮೋಸ ಮಾಡಿದಂತೆ. ಹಾಗಾಗಿ ನಾನು ಮೊದಲು ಇವತ್ತು ಯಾವ ವಾರ ಎಂದು ನೋಡುತ್ತೇನೆ. ಸೋಮವಾರ ಎಂಟಿಆರ್‌ಗೆ ರಜೆ, ಶುಕ್ರವಾರ ವಿದ್ಯಾರ್ಥಿ ಭವನಕ್ಕೆ. ಉಳಿದ ಐದು ದಿನ ನಾವೇ ತೀರ್ಮಾನಿಸಬೇಕು.

ಎರಡರ ನಡುವೆ ಇರುವುದು ಲಾಲ್‌ಬಾಗ್. ತೋಟದ ಮುಖ್ಯ ದ್ವಾರದ ಹತ್ತಿರ ಎಂಟಿಆರ್. ಪಶ್ಚಿಮ ದ್ವಾರದಿಂದ ಹೊರಬಿದ್ದು ನ್ಯಾಷನಲ್ ಕಾಲೇಜಿನ ಕಡೆ ನಡೆದರೆ ಗಾಂಧಿಬಜಾರು. ಇನ್ನೂ ಹತ್ತಿರದ ನಂಟು ಊರಿನದು. ಎರಡನ್ನೂ ಕಟ್ಟಿದವರು ಕರಾವಳಿಯ ಕೋಟ-ಸಾಲಿಗ್ರಾಮ ಸೀಮೆಯಿಂದ ಘಟ್ಟ ಹತ್ತಿ ಬಂದವರು. ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ, ಮುಂದೆ ಎಂಟಿಆರ್ ಆದ ಬ್ರಾಹ್ಮಿನ್ ಕಾಫಿ ಕ್ಲಬ್ ತೆರೆದರು. ಸಾಲಿಗ್ರಾಮದ ವೆಂಕಟರಮಣ ಉರಾಳರು 1943ರಲ್ಲಿ ಗಾಂಧಿಬಜಾರಿನಲ್ಲಿ ಒಲೆ ಹಚ್ಚಿದರು. ಸುತ್ತಲಿನ ಶಾಲೆ ಕಾಲೇಜುಗಳ ಹುಡುಗರೇ ಗಿರಾಕಿಗಳಾದ್ದರಿಂದ ವಿದ್ಯಾರ್ಥಿ ಭವನ ಎಂಬ ಹೆಸರು ನಿಂತಿತು. 1970ರಲ್ಲಿ ಅದು ರಾಮಕೃಷ್ಣ ಅಡಿಗರ ಕೈಗೆ ಬಂತು, ಇಂದಿಗೂ ಅದೇ ಮನೆತನದಲ್ಲಿದೆ.

ಒಂದೇ ಸೀಮೆಯ ಕೈರುಚಿ ಎರಡು ದಾರಿ ಹಿಡಿದದ್ದು ಹೇಗೆ? ಎಂಟಿಆರ್‌ನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪ್ ಸುತ್ತಿ, ಅಲ್ಲಿನ ಹೋಟೆಲುಗಳ ಶುಚಿತ್ವ, ಶಿಸ್ತು ನೋಡಿಕೊಂಡು ಬಂದರು. ಅದನ್ನು ಇಡ್ಲಿ-ಕಾಫಿಯ ಹೋಟೆಲಿಗೆ ತಂದರು. 1960ರಲ್ಲಿ ಈಗಿನ ಕಟ್ಟಡಕ್ಕೆ ಬಂದಾಗ ಮಾವಳ್ಳಿ ಟಿಫಿನ್ ರೂಮ್ಸ್ ಎಂಬ ಹೆಸರಾಯಿತು. ಬಂದವರು ಅಡುಗೆಮನೆ ನೋಡಿಕೊಂಡೇ ಒಳಗೆ ಹೋಗಬೇಕು ಎಂಬುದು ಅವರ ಹಟವಾಗಿತ್ತು. ಉಣ್ಣುವವನಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇನ್ನೇನು ಬೇಕು! ಎರಡನೆಯ ಮಹಾಯುದ್ಧದಲ್ಲಿ ಅಕ್ಕಿ ಸಿಗದಾದಾಗ ರವೆಯಲ್ಲಿ ಇಡ್ಲಿ ಮಾಡಿದ್ದು ತಾವೇ ಎಂದು ಎಂಟಿಆರ್ ಹೇಳಿಕೊಳ್ಳುತ್ತದೆ. ತುರ್ತುಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಯ ಬೆಲೆ ಇಳಿಸಿ ಕಟ್ಟಿಹಾಕಿತು. ಆ ದರಕ್ಕೆ ತಮ್ಮ ಗುಣಮಟ್ಟ ಉಳಿಯದು ಎಂದು ಮಯ್ಯರ ಮನೆಯವರು ಕೆಲಕಾಲ ಹೋಟೆಲನ್ನೇ ಮುಚ್ಚಿದರು, ಪುಡಿ-ಮಿಕ್ಸ್ ಮಾರತೊಡಗಿದರು. ಆ ಪೊಟ್ಟಣದ ವ್ಯಾಪಾರ 2007ರಲ್ಲಿ ನಾರ್ವೆಯ ಓರ್ಕ್ಲಾ ಕಂಪನಿಯ ಪಾಲಾಯಿತು. ಹೋಟೆಲು ಮಾತ್ರ ಮನೆಯವರಲ್ಲೇ ಉಳಿಯಿತು. ಅಂಗಡಿಯ ಪ್ಯಾಕೆಟ್ಟಿನ ರುಚಿ ಹಿಡಿದು ಮಾವಳ್ಳಿಯ ಹೋಟೆಲನ್ನು ಅಳೆಯುವವರು ಇದನ್ನು ನೆನಪಿಡಬೇಕು.

ಗಾಂಧಿಬಜಾರಿನವರು ಬೇರೆಯದನ್ನು ಕಾಪಾಡಿಕೊಂಡರು. ಅವರ ಪಟ್ಟಿ ಚಿಕ್ಕದು. ಪೂರಿ ಸಾಗು, ಖಾರಾಬಾತ್, ರವೆ ವಡೆ ಎಲ್ಲ ಉಂಟು, ಆದರೆ ಜನ ಬಾಗಿಲಲ್ಲಿ ಕಾಯುವುದು ಮಸಾಲೆ ದೋಸೆಗೆ. ಶನಿವಾರ, ಭಾನುವಾರ ಆ ಗುಂಪು ರಸ್ತೆಗೇ ಚೆಲ್ಲುತ್ತದೆ. ಒಳಗೆ ಗೋಡೆಯ ಮೇಲೆ ಕನ್ನಡದ ಸಾಹಿತಿಗಳ ರೇಖಾಚಿತ್ರಗಳು. ಅವುಗಳ ಕೆಳಗೆ ಪಂಚೆಯುಟ್ಟ ಸಪ್ಲೈಯರ್ ಬರುತ್ತಾನೆ. ಎಡಗೈ ಬೆರಳಿನಿಂದ ಭುಜದವರೆಗೆ ದೋಸೆಯ ತಟ್ಟೆಗಳು ಒಂದರ ಅಂಚಿನ ಮೇಲೊಂದು ಕೂತಿರುತ್ತವೆ. ಎಣಿಸಲು ಹೋಗಿ ಹನ್ನೆರಡಕ್ಕೆ ಲೆಕ್ಕ ತಪ್ಪಿದ್ದೇನೆ. ಬಲಗೈಯಲ್ಲಿ ಒಂದೊಂದೇ ತಟ್ಟೆ ಕಿತ್ತು ಮೇಜಿಗಿಡುತ್ತಾ ಹೋಗುವಾಗ ಉಳಿದವು ಅಲ್ಲಾಡುವುದಿಲ್ಲ. ಹಿಂದೆಯೇ ಚಟ್ನಿಯ ಬಕೆಟ್ಟು. ಚಟ್ನಿ ನೀರು ನೀರಾಗಿರುತ್ತದೆ, ತಟ್ಟೆಗೇ ಸುರಿಯುತ್ತಾರೆ. ದೋಸೆಯ ಜೊತೆ ಸಾಂಬಾರು ಕೇಳಬೇಡಿ, ಅದು ಅಲ್ಲಿನ ಪದ್ಧತಿಯಲ್ಲ. ದೋಸೆ ಅಂಗೈಗಿಂತ ಸ್ವಲ್ಪ ದೊಡ್ಡದು, ದಪ್ಪ. ಹೊರಮೈ ಕೆಂಪಾಗಿ, ಮುರಿದರೆ ಸದ್ದಾಗುವಷ್ಟು ಗರಿಗರಿ. ಒಳಗೆ ಪಲ್ಯಕ್ಕೆ ಅಂಟಿದ ಕಡೆ ಮೆತ್ತಗೆ. ಆ ತೆಳು ಚಟ್ನಿ ಗರಿಗರಿಯ ಅಂಚನ್ನು ಅರ್ಧ ನೆನೆಸುವಷ್ಟರಲ್ಲಿ ತಿನ್ನಬೇಕು. ಮಾತು ಆಮೇಲೆ.

ಎಂಟಿಆರ್‌ನಲ್ಲೂ ಒಳ್ಳೆಯ ದೋಸೆ ಇದೆ. ಪಕ್ಕದಲ್ಲಿ ಪುಟ್ಟ ಬಟ್ಟಲಲ್ಲಿ ತುಪ್ಪ ಕೊಡುತ್ತಾರೆ. ಆದರೂ ನನ್ನ ಮಟ್ಟಿಗೆ ಮಸಾಲೆ ದೋಸೆ ಎಂದರೆ ಗಾಂಧಿಬಜಾರು, ಇದರಲ್ಲಿ ನನಗೆ ಅನುಮಾನವಿಲ್ಲ. ಮಾವಳ್ಳಿಗೆ ಹೋಗಬೇಕಾದ್ದು ರವೆ ಇಡ್ಲಿಗೆ. ನೆತ್ತಿಯ ಮೇಲೆ ಹುರಿದ ಗೋಡಂಬಿ, ಪಕ್ಕದಲ್ಲಿ ಆಲೂಗಡ್ಡೆ ಸಾಗು, ಬಿಸಿ ಇಡ್ಲಿಗೆ ತುಪ್ಪ ಸುರಿದೊಡನೆ ರವೆಯ ಸಂದಿಗಿಳಿದು ಕಾಣೆಯಾಗುವ ಆ ಕ್ಷಣ. ಹಾಗೆಯೇ ಊಟಕ್ಕೆ. ಬೆಳ್ಳಿ ಲೋಟದ ಹಣ್ಣಿನ ರಸದಿಂದ ಶುರುವಾಗಿ ಕೋಸಂಬರಿ, ಪಲ್ಯ, ಪೂರಿ, ಬಿಸಿಬೇಳೆ ಬಾತ್, ಅನ್ನ-ಸಾರು, ಮೊಸರನ್ನ ದಾಟಿ ಐಸ್‌ಕ್ರೀಮು, ಬೀಡಾದವರೆಗೆ ನಡೆಯುವ ಊಟ ಅದು. ಗಡಿಬಿಡಿಯವರು ಹೋಗಬಾರದು. ವಯಸ್ಸಾದವರನ್ನು ಕರೆದುಕೊಂಡು ಹೋಗುವುದಾದರೆ ನಾನು ಯಾವಾಗಲೂ ಇದನ್ನೇ ಆರಿಸುತ್ತೇನೆ. ಮದುವೆಮನೆಯ ಮೊದಲ ಪಂಕ್ತಿಯಲ್ಲಿ ಕೂರಿಸಿ ಬಡಿಸಿದಷ್ಟು ಖುಷಿ ಅವರ ಮುಖದಲ್ಲಿ ಕಾಣುತ್ತದೆ.

ಕಳೆದ ಸಲ ಬಂದ ಸೋದರಳಿಯನನ್ನು ಏಳೂವರೆಗೇ ಎಬ್ಬಿಸಿ ಗಾಂಧಿಬಜಾರಿಗೆ ಎಳೆದುಕೊಂಡು ಹೋದೆ. ಒಂದು ದೋಸೆ ಮುಗಿಸಿದ, ಇನ್ನೊಂದಕ್ಕೆ ಕೈಯೆತ್ತಿದ. ಕಾಫಿ ಮಾತ್ರ ಇಲ್ಲಿ ಬೇಡವೆಂದೆ. ಪಶ್ಚಿಮ ದ್ವಾರದಿಂದ ಲಾಲ್‌ಬಾಗ್ ಹೊಕ್ಕು, ಬಂಡೆಯ ಮೇಲಿನ ಕೆಂಪೇಗೌಡ ಗೋಪುರ ನೋಡಿ, ಮುಖ್ಯ ದ್ವಾರದಿಂದ ಹೊರಬಂದು ಮಾವಳ್ಳಿಯ ಸಾಲಿನಲ್ಲಿ ನಿಂತೆವು. ಕೂತ ಮೇಲೆ ಅವನು ಕಾಫಿಯ ಜೊತೆಗೆ ರವೆ ಇಡ್ಲಿಯನ್ನೂ ಹೇಳಿದ.