ಕೊನೆಯ ಸಾಲಿನಲ್ಲಿ ಕೂತು ನೋಡಿ

ಮೈಸೂರು ರಸ್ತೆಯ ಶೋರೂಮಿನ ಗಾಜಿನ ಬಾಗಿಲು ತಳ್ಳಿ ಒಳಗೆ ಬಂದರೆ ಮೊದಲು ಮೂಗಿಗೆ ಬಡಿಯುವುದು ಊದುಬತ್ತಿಯ ಘಮ. ಅದರ ಹಿಂದೆಯೇ ಹೊಸ ಸೀಟಿನ, ಹೊಸ ಟೈರಿನ ವಾಸನೆ. ಎಡಗಡೆ ಮೂಲೆಯಲ್ಲಿ ಯಾರದೋ ಹೊಸ ಗಾಡಿಗೆ ಪೂಜೆ ನಡೆದಿದೆ. ಬಾನೆಟ್ಟಿಗೆ ಅರಿಶಿನ ಕುಂಕುಮ, ಕನ್ನಡಿಗೆ ಸೇವಂತಿಗೆ ಹಾರ, ಚಕ್ರಗಳ ಕೆಳಗೆ ಒಂದೊಂದು ನಿಂಬೆಹಣ್ಣು. ಪುರೋಹಿತರು "ಸ್ಟಾರ್ಟ್ ಮಾಡಿ" ಅನ್ನುತ್ತಾರೆ. "ಆಗಿದೆ ಸ್ವಾಮಿ" ಎಂದು ಒಳಗಿನಿಂದ ಉತ್ತರ. ಸದ್ದಿಲ್ಲ, ನಡುಕವಿಲ್ಲ, ನಿಂಬೆಹಣ್ಣು ಪಚಕ್ಕೆಂದಾಗಲೇ ಸುತ್ತ ನಿಂತವರಿಗೆ ಗಾಡಿ ಹೊರಟಿತೆಂದು ಗೊತ್ತಾಗುತ್ತದೆ.

ನಾನು ಬಂದಿರುವುದು ನಮ್ಮ ಕಟ್ಟಡದ ಪುತ್ತೂರಿನ ಕುಟುಂಬದ ಜೊತೆ. ಅಜ್ಜಿ, ಮಗ, ಸೊಸೆ, ಇಬ್ಬರು ಮಕ್ಕಳು. ಹಬ್ಬ, ತಂಬಿಲ, ಅಡಿಕೆ ಕೊಯ್ಲು ಎಂದು ಮುನ್ನೂರು ಚಿಲ್ಲರೆ ಕಿಲೋಮೀಟರಿನ ಊರಿಗೆ ಮತ್ತೆ ಮತ್ತೆ ಹೋಗಿಬರುವವರು. ಅವರ ಮುಂದೆ ನಿಂತಿರುವುದು ಮಹೀಂದ್ರಾದ ಎಕ್ಸ್‌ಇವಿ 9ಎಸ್. ಮೂರು ಸಾಲು, ಏಳು ಸೀಟು, ಪೂರ್ತಿ ಕರೆಂಟಿನ ಈ ಗಾಡಿ 2025ರ ನವೆಂಬರ್ ಕೊನೆಯಲ್ಲಿ ಇದೇ ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ಡ್ಯಾಶ್‌ಬೋರ್ಡಿನ ಈ ತುದಿಯಿಂದ ಆ ತುದಿಗೆ ಸಾಲಾಗಿ ಮೂರು ಪರದೆ. ಮಕ್ಕಳು ಅಲ್ಲಿಂದ ಕದಲುತ್ತಿಲ್ಲ, ಅಪ್ಪನೂ ಕದಲುತ್ತಿಲ್ಲ. ನನಗಂತೂ ಆ ಪರದೆಗಳ ಮುಂದೆ ಹೊತ್ತು ಕಳೆಯಲು ಮನಸ್ಸಿಲ್ಲ. ಕೊಂಡ ಮೇಲೆ ಅವನ್ನು ನೋಡಲು ವರ್ಷಗಟ್ಟಲೆ ಸಮಯವಿದೆ. ಕೊಳ್ಳುವ ಮೊದಲು ನೋಡಬೇಕಾದ್ದು ಹಿಂದೆ ಇದೆ. ಬನ್ನಿ, ಹಿಂದಿನ ಬಾಗಿಲ ಬಳಿ ಹೋಗೋಣ.

ಅಜ್ಜಿ ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಿಂದ ಮೇಲಿನ ಹಿಡಿಕೆ ಹುಡುಕುತ್ತಿದ್ದಾರೆ. "ಗಡಿಬಿಡಿ ಮಾಡಬ್ಯಾಡ್ರಿ ಅಜ್ಜಿ, ಆರಾಮ ಹತ್ರಿ" ಎಂದು ಧಾರವಾಡದ ಕಡೆಯ ಸೇಲ್ಸ್ ಹುಡುಗಿ ಮೊಣಕೈಗೆ ಆಸರೆ ಕೊಡುತ್ತಾಳೆ. ಬಲಗಾಲು ಮೇಲೆ ಹೋಯಿತು, ಎಡಗಾಲು ಒಂದು ಕ್ಷಣ ತಡೆಯಿತು, ಆಮೇಲೆ ಅದೂ ಹೋಯಿತು. ಕೂತು ಉಸಿರು ಬಿಟ್ಟ ಅಜ್ಜಿ, "ಕೂತ್ರೆ ಸುಖ ಉಂಟು. ಹತ್ತಲಿಕ್ಕೆ ಮಾತ್ರ ಒಂದು ಮೆಟ್ಲು ಬೇಕು ಮಾರಾಯ" ಎಂದು ಮಗನಿಗೆ ಹೇಳಿದರು. ಸೊಸೆ ಅದನ್ನು ಮೊಬೈಲಿನಲ್ಲಿ ಬರೆದುಕೊಂಡರು.

ನಡುವಿನ ಸಾಲಿನ ಸೀಟು ಹಿಂದೆ ಮುಂದೆ ಜಾರುತ್ತದೆ. ಶೋರೂಮಿನಲ್ಲಿ ಅದನ್ನು ಪೂರ್ತಿ ಮುಂದಕ್ಕೆ ತಳ್ಳಿಟ್ಟಾಗ ಹಿಂದಿನ ಸಾಲು ವಿಶಾಲವಾಗಿ ಕಾಣುವುದು ಸಹಜ. ಅದಕ್ಕೇ ಮೊದಲು ಅಜ್ಜಿ ಕಾಲು ಚಾಚಿ ಕೂರಬೇಕು. ಅವರ ಮಂಡಿಗೆ ಹಿತವಾದಲ್ಲಿ ಸೀಟು ನಿಲ್ಲಬೇಕು. ಆಮೇಲೆ ಉಳಿದ ಜಾಗಕ್ಕೆ ಮನೆಯಲ್ಲೇ ಎತ್ತರದ ಆಳು ನುಗ್ಗಬೇಕು. ಮಗ ನುಗ್ಗಿದರು. ತಲೆ ತಗ್ಗಿಸಿ, ಭುಜ ಓರೆ ಮಾಡಿ, ಕೊನೆಗೆ ಕೂತಾಗ ಮಂಡಿಗಳು ಎದೆಯ ಕಡೆಗೆ ಎದ್ದವು, ಅಡುಗೆಮನೆಯ ಮಣೆಯ ಮೇಲೆ ಕೂತ ಹಾಗೆ. ಇದು ಈ ಒಂದು ಗಾಡಿಯ ಮಾತಲ್ಲ. ಬ್ಯಾಟರಿಯನ್ನು ನೆಲದಡಿ ಹಾಸಿದ ಗಾಡಿಗಳಲ್ಲಿ ನೆಲ ಮೇಲೇಳುತ್ತದೆ, ಚಾವಣಿಯನ್ನು ಅಷ್ಟೇ ಏರಿಸಲಾಗುವುದಿಲ್ಲ. ಹಾಗಾಗಿ ಹಿಂದಿನ ಸೀಟಿಗೂ ನೆಲಕ್ಕೂ ನಡುವಿನ ಅಂತರ ಕಡಿಮೆಯಾಗಿ, ತೊಡೆಗೆ ಆಸರೆ ತಪ್ಪುತ್ತದೆ. ಹತ್ತು ನಿಮಿಷಕ್ಕೆ ಏನೂ ಅನ್ನಿಸದು. ಹಾಸನದ ಹೊತ್ತಿಗೆ ಸೊಂಟ ಹೇಳುತ್ತದೆ. ಮಕ್ಕಳಿಬ್ಬರು ಮಾತ್ರ ಅಲ್ಲಿ ಚೆನ್ನಾಗಿ ಹೊಂದಿಕೊಂಡರು, ಎಸಿ ಗಾಳಿ ಮುಖಕ್ಕೆ ಬರುತ್ತದಾ ಎಂದು ಕೈ ಒಡ್ಡಿ ನೋಡಿದರು, ಬೆಲ್ಟು ಕಟ್ಟಿ ಬಿಚ್ಚಿ ಕಟ್ಟಿದರು.

ಡಿಕ್ಕಿ ತೆರೆದಾಗ ಸೊಸೆಯ ಕಣ್ಣು ಚುರುಕಾಯಿತು. ಊರಿಂದ ಬರುವಾಗ ಏನೇನು ಬರುತ್ತದೆಂದು ಅವರಿಗಷ್ಟೇ ಗೊತ್ತು: ಸುಲಿದ ತೆಂಗಿನಕಾಯಿಯ ಚೀಲ, ಕುಚ್ಚಲಕ್ಕಿ ಮೂಟೆ, ಎಣ್ಣೆ ಕ್ಯಾನು, ಹಲಸಿನ ಹಪ್ಪಳದ ಡಬ್ಬ, ಬಾಳೆಗೊನೆ, ಜೊತೆಗೆ ಎಲ್ಲರ ಬಟ್ಟೆ. ಮೂರನೇ ಸಾಲು ಮಡಚಿದರೆ 527 ಲೀಟರ್ ಜಾಗ, ಮುಂದೆ ಎಂಜಿನ್ ಇರಬೇಕಿದ್ದ ಕಡೆ ಇನ್ನೊಂದು 150 ಲೀಟರಿನ ಗೂಡು. ಆದರೆ ಮಕ್ಕಳು ಕೂರಬೇಕಲ್ಲ? ಸೀಟು ಎತ್ತಿ ನಿಲ್ಲಿಸಿದ ಮೇಲೆ ಉಳಿಯುವುದು ಕಿರಿದಾದ ಓಣಿ. ಸೊಸೆ ಮನೆಯಿಂದ ಹೊತ್ತು ತಂದಿದ್ದ ಎರಡು ಸೂಟ್‌ಕೇಸನ್ನು ಅಲ್ಲಿ ನಿಲ್ಲಿಸಿ, ಮಲಗಿಸಿ, ತಿರುಗಿಸಿ ನೋಡಿದರು. ಎಷ್ಟು ಒಳ್ಳೆಯ ಕೆಲಸ! ಲೀಟರಿನ ಲೆಕ್ಕ ಓದಿ ಸುಮ್ಮನಾಗುವವರೇ ಹೆಚ್ಚು. ಹಿಂದಿನ ಸೀಟಿನಲ್ಲಿ ಒಂದು ಮಗು, ಮಡಚಿದ ಇನ್ನೊಂದು ಕಡೆ ಅಕ್ಕಿ ಮೂಟೆ, ಎಣ್ಣೆ ಕ್ಯಾನು ಮುಂದಿನ ಗೂಡಿಗೆ, ನಡುವಿನ ಸಾಲಿನಲ್ಲಿ ಅಜ್ಜಿಯ ಪಕ್ಕ ಇನ್ನೊಂದು ಮಗು. ಅವರ ಲೆಕ್ಕ ಹೀಗೆ ಕೂಡಿಬಂತು. ಸ್ಟೆಪ್ನಿ ಇದೆಯಾ, ಇದ್ದರೆ ಯಾವ ಅಳತೆಯದು ಎಂದು ಕೇಳುವುದನ್ನೂ ಅವರು ಮರೆಯಲಿಲ್ಲ. ಎಷ್ಟೋ ಕರೆಂಟಿನ ಕಾರುಗಳಲ್ಲಿ ಪಂಕ್ಚರ್ ಕಿಟ್ ಮಾತ್ರ ಇರುತ್ತದೆ.

ಟೆಸ್ಟ್ ಡ್ರೈವಿಗೆ ಎಲ್ಲರೂ ಹತ್ತಿದೆವು, ಒಬ್ಬರನ್ನೂ ಬಿಡಲಿಲ್ಲ. ಕೆಂಗೇರಿ ಕಡೆಗೆ ಹೊರಟ ಮೇಲೆ ಒಳಗಿನ ಚಿಕ್ಕ ಚಿಕ್ಕ ಸದ್ದುಗಳು ಕಿವಿಗೆ ಬೀಳತೊಡಗಿದವು: ಟೈರು ರಸ್ತೆಯನ್ನು ಉಜ್ಜುವುದು, ಅಜ್ಜಿಯ ಬಳೆ, ಹಿಂದೆ ಮಕ್ಕಳ ಪಿಸುಮಾತು. ಹಂಪಿನ ಮೇಲೆ ಭಾರದ ಗಾಡಿ ನಿಧಾನವಾಗಿ ತೂಗಿ ಇಳಿಯುತ್ತದೆ. ಒತ್ತಿದರೆ 210 ಕಿಲೋವ್ಯಾಟಿನ ಮೋಟಾರು ಹಿಂದಿನ ಚಕ್ರಗಳಿಂದ ನೂಕುವ ನೂಕಿಗೆ ಬೆನ್ನು ಸೀಟಿಗೆ ಅಂಟುತ್ತದೆ. ಮಗನಿಗೆ ಖುಷಿ. ಆದರೆ ಆಕ್ಸಿಲರೇಟರಿನಿಂದ ಕಾಲು ತೆಗೆದ ಕೂಡಲೇ ಗಾಡಿ ತಾನಾಗಿ ಬಿಗಿ ಹಿಡಿಯಿತು, ಮತ್ತೆ ಒತ್ತಿದಾಗ ಮುಂದೆ ಹಾರಿತು. ಓಟದ ಶಕ್ತಿಯನ್ನು ಬ್ಯಾಟರಿಗೆ ಹಿಂದಿರುಗಿಸುವ ಈ ರೀಜನ್ ಓಡಿಸುವವರಿಗೆ ಹಿತ, ಹಿಂದೆ ಕೂತವರಿಗೆ ತೊಟ್ಟಿಲು. "ಅಪ್ಪಾ, ಹೊಟ್ಟೆ ತೊಳೆಸ್ತದೆ" ಎಂದಳು ಕಿರಿಯವಳು. ಊರಿನ ದಾರಿಯ ಘಾಟಿ ತಿರುವುಗಳನ್ನು ನೆನೆದರೆ ಇದು ಸಣ್ಣ ವಿಷಯವಲ್ಲ. ರೀಜನ್ ಕಡಿಮೆ ಮಾಡಿ ಅದೇ ರಸ್ತೆಯಲ್ಲಿ ಇನ್ನೊಮ್ಮೆ ಓಡಿಸಿದಾಗ ಅವಳು ಕಿಟಕಿಯಾಚೆ ನೋಡುತ್ತ ಹಾಡಿಕೊಳ್ಳತೊಡಗಿದಳು.

ವಾಪಸ್ ಬಂದು ಕಾಫಿ ಲೋಟ ಹಿಡಿದಾಗ ಶಿರಾಡಿ ಘಾಟಿಯ ಮಾತು ಎದ್ದಿತು. ಕಾಗದದ ಮೇಲೆ 79 ಕಿಲೋವ್ಯಾಟ್ ಅವರ್ ಬ್ಯಾಟರಿಗೆ 679 ಕಿ.ಮೀ. ಎಂದಿದೆ, ಅದು ಪ್ರಯೋಗಶಾಲೆಯ ಓಟ. ಮನೆಯ ಮೀಟರಿನ ಭಾಷೆಯಲ್ಲಿ ಹೇಳುವುದಾದರೆ ಅದು 79 ಯೂನಿಟ್ ಹಿಡಿಯುವ ಡಬ್ಬ. ಹೆದ್ದಾರಿಯಲ್ಲಿ, ಎಸಿ ಹಾಕಿಕೊಂಡು, ತುಂಬಿದ ಗಾಡಿ 100 ಕಿಲೋಮೀಟರಿಗೆ 17-18 ಯೂನಿಟ್ ತಿಂದರೆ ಪೂರ್ತಿ ಡಬ್ಬಕ್ಕೆ 440ರಿಂದ 460 ಕಿ.ಮೀ. ಐದನೇ ಒಂದು ಪಾಲು ಕೈಯಲ್ಲಿ ಉಳಿಸಿಕೊಂಡರೂ ಪುತ್ತೂರು ಮುಟ್ಟಬಹುದು. ಹೋಗುವಾಗ ಘಾಟಿ ಇಳಿಜಾರು, ಒಂದಿಷ್ಟು ಕರೆಂಟು ಮರಳಿ ಬರುತ್ತದೆ. ಆದರೆ ಸಕಲೇಶಪುರದಲ್ಲಿ ಬ್ಯಾಟರಿಯನ್ನು ಪೂರ್ತಿ ತುಂಬಿಸಿ ಇಳಿದರೆ ಬರುವ ಕರೆಂಟಿಗೆ ಜಾಗವಿರುವುದಿಲ್ಲ, ರೀಜನ್ ಸಡಿಲವಾಗಿ ಬ್ರೇಕಿನ ಮೇಲೆ ಭಾರ ಬೀಳುತ್ತದೆ. ಬರುವಾಗ ಲೆಕ್ಕ ತಿರುಗುತ್ತದೆ. ಜನ, ಸಾಮಾನು ಸೇರಿ ಎರಡೂವರೆ ಟನ್ ದಾಟಿದ ಗಾಡಿಯನ್ನು 800 ಮೀಟರ್ ಎತ್ತಲು ಬರೀ ಏರಿಗೇ ಆರು ಯೂನಿಟ್ ಹತ್ತಿರ ಬೇಕು. ಅಂದರೆ ಸಪಾಟು ರಸ್ತೆಯ ಮೂವತ್ತು ಚಿಲ್ಲರೆ ಕಿಲೋಮೀಟರ್ ಘಾಟಿಯಲ್ಲೇ ಖರ್ಚು.

59 ಯೂನಿಟ್ಟಿನ ಚಿಕ್ಕ ಬ್ಯಾಟರಿಯ ಗಾಡಿಗೆ ಬಿಡುಗಡೆಯ ಬೆಲೆ 19.95 ಲಕ್ಷ, ಎಕ್ಸ್‌ಶೋರೂಂ. ಅದರಲ್ಲಿ ದಾರಿಯಲ್ಲೊಮ್ಮೆ ಚಾರ್ಜಿಗೆ ನಿಲ್ಲಲೇಬೇಕು; ಅಜ್ಜಿಗೆ ಹೇಗೂ ಹಾಸನದಲ್ಲಿ ಕಾಲು ಬಿಡಿಸಬೇಕು, ಅದೇನು ಕಷ್ಟವಲ್ಲ. ಆದರೆ ಹಬ್ಬದ ಹಿಂದಿನ ದಿನದ ಚಾರ್ಜರಿನ ಸಾಲು ನೆನೆದು ಮಗ ದೊಡ್ಡದರ ಕಡೆಗೇ ವಾಲಿದರು. ಕರೆಂಟಿನ ಗಾಡಿಗೆ ಜಿಎಸ್‌ಟಿ ಶೇ 5 ಮಾತ್ರ. ಆದರೆ 25 ಲಕ್ಷ ದಾಟಿದ ಇಂಥ ಕಾರುಗಳಿಗೆ ಕರ್ನಾಟಕ 2024ರಲ್ಲಿ ಶೇ 10ರ ಜೀವಾವಧಿ ತೆರಿಗೆ ತಂದಿತು. ಆದ್ದರಿಂದ ಆನ್‌ರೋಡ್ ಬೆಲೆಯನ್ನು, ಚಾರ್ಜರಿನ ದುಡ್ಡನ್ನೂ ಸೇರಿಸಿ, ಬರಹದಲ್ಲೇ ಕೇಳಿ ಪಡೆದರು.

ಕಡೆಗೆ ನಮ್ಮ ಕಟ್ಟಡದ ನೆಲಮಾಳಿಗೆ. ತೇವದ ವಾಸನೆ, ಟ್ಯೂಬ್‌ಲೈಟಿನ ಗುಂಯ್. ಎಲೆಕ್ಟ್ರಿಷಿಯನ್ ಮೀಟರ್ ಬೋರ್ಡಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು, ಅರ್ಥಿಂಗ್ ತಂತಿ ಹಿಡಿದು ಎಳೆದು ನೋಡಿದರು. ಮೀಟರಿನಿಂದ ಈ ಕುಟುಂಬದ ಪಾರ್ಕಿಂಗಿನವರೆಗೆ ಟೇಪು ಹಿಡಿದ ಮಕ್ಕಳು ಕಂಬ ಬಳಸಿ, ಪೈಪು ದಾಟಿ ನಡೆದರು. 7.2 ಕಿಲೋವ್ಯಾಟಿನ ಚಾರ್ಜರ್ ಹಾಕಿದರೆ ಖಾಲಿ ಬ್ಯಾಟರಿ ತುಂಬಲು ಹನ್ನೊಂದು ತಾಸಿಗೂ ಮೇಲೆ. ಮಂಜೂರಾದ ಲೋಡ್ ಸಾಲದು, ಬೆಸ್ಕಾಂನಲ್ಲಿ ಹೆಚ್ಚಿಸಿಕೊಳ್ಳಬೇಕು. ಬರೀ 16 ಆಂಪ್ ಪ್ಲಗ್ಗಾದರೂ ರಾತ್ರಿ ಮಲಗಿ ಏಳುವಷ್ಟರಲ್ಲಿ ನೂರಕ್ಕೂ ಹೆಚ್ಚು ಕಿಲೋಮೀಟರಿನ ಕರೆಂಟು ತುಂಬುತ್ತದೆ, ಊರೊಳಗಿನ ಓಡಾಟಕ್ಕೆ ಧಾರಾಳ. "ಮೊದಲು ಪ್ಲಗ್ ಹಾಕಿಸಿ ಸರ್, ದೊಡ್ಡದು ಆಮೇಲೆ ನೋಡೋಣ" ಎಂದರು ಎಲೆಕ್ಟ್ರಿಷಿಯನ್. ಸೊಸೆಗೂ ಅದೇ ಸರಿ ಅನ್ನಿಸಿತು. ಭಾನುವಾರ ಅಸೋಸಿಯೇಷನ್ ಮೀಟಿಂಗಿನಲ್ಲಿ ಕೇಬಲ್ ಎಳೆಯಲು ಒಪ್ಪಿಗೆ ಕೇಳುವುದು, ಸಿಕ್ಕಿದರೆ ಸೋಮವಾರ ಬೆಸ್ಕಾಂಗೆ ಅರ್ಜಿ, ಬುಕಿಂಗ್ ಅದರ ನಂತರವೇ ಎಂದು ಅಲ್ಲೇ ನಿಂತು ತೀರ್ಮಾನಿಸಿದರು.