ಕುಕ್ಕರಹಳ್ಳಿ ಏರಿಯ ಮೇಲೊಂದು ಸುತ್ತು: ಕಾಲಿಗೆ ಸುಲಭ, ಕೆರೆಗೆ ಕಷ್ಟ

ಮೈಸೂರು: ಏದುಸಿರು ಬರಿಸುವ ಏರಿಲ್ಲ, ಕಾಲು ಜಾರುವ ಇಳಿಜಾರಿಲ್ಲ. ಮರಗಳ ನೆರಳಿನಲ್ಲಿ ನೀರಿನ ಅಂಚು ಹಿಡಿದು ಸಾಗುವ ಹಾದಿ. ಎಪ್ಪತ್ತರ ಅಜ್ಜನೂ ಏಳರ ಮೊಮ್ಮಗಳೂ ಒಟ್ಟಿಗೆ ನಡೆದು ಬರಬಹುದಾದಷ್ಟು ಸಲೀಸು. ಕುಕ್ಕರಹಳ್ಳಿ ಕೆರೆಯ ಸುತ್ತಲಿನ ಈ ದಾರಿ ಮೈಸೂರಿಗರಿಗೆ ಹೊಸದೇನಲ್ಲ. ಆದರೆ ತಾವು ತುಳಿಯುತ್ತಿರುವುದು ಒಂದು ಹಳೆಯ ನೀರಾವರಿ ಕಾಮಗಾರಿಯ ಬೆನ್ನು ಎಂಬುದು ನಿತ್ಯ ನಡೆಯುವವರಲ್ಲೂ ಅನೇಕರ ಗಮನಕ್ಕೆ ಬಂದಿರಲಾರದು.

ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ, ಈ ಕೆರೆಯನ್ನು ಕಟ್ಟಿಸಲಾಯಿತು. ಆಗಿನ ಊರಿನ ಹೊರಗಿದ್ದ ಜಮೀನುಗಳಿಗೆ ನೀರುಣಿಸುವುದು ಮುಖ್ಯ ಉದ್ದೇಶವಾಗಿತ್ತು. ಕೆಲಕಾಲ ಪಟ್ಟಣದ ಕುಡಿಯುವ ನೀರಿಗೂ ಇದು ಆಸರೆಯಾಗಿತ್ತು. ಊರು ಬೆಳೆಯುತ್ತ ಬಂದು ಕೆರೆಯನ್ನು ಸುತ್ತುವರಿಯಿತು. ಈಗ ಒಂದು ಕಡೆ ಕಲಾಮಂದಿರ ಮತ್ತು ಹುಣಸೂರು ರಸ್ತೆ, ಇನ್ನೊಂದು ಕಡೆ ಬೋಗಾದಿ ರಸ್ತೆ, ಮಗ್ಗುಲಲ್ಲೇ ಮಾನಸಗಂಗೋತ್ರಿ. ಕೆರೆಯ ಉಸ್ತುವಾರಿ ಮೈಸೂರು ವಿಶ್ವವಿದ್ಯಾನಿಲಯದ್ದು.

ಪೂರ್ತಿ ಒಂದು ಸುತ್ತು ಬರಲು ಸಾಮಾನ್ಯ ನಡಿಗೆಯಲ್ಲಿ ಸುಮಾರು ಒಂದು ಗಂಟೆ ಬೇಕು. ಎಲ್ಲಿಯೂ ದಾರಿ ತಪ್ಪುವ ಭಯವಿಲ್ಲ, ಒಂದು ಬದಿಗೆ ಸದಾ ನೀರು ಇದ್ದೇ ಇರುತ್ತದೆ. ಮೋಡವಿಲ್ಲದ ಬೆಳಿಗ್ಗೆ ನೀರಿನಾಚೆಗೆ ಚಾಮುಂಡಿ ಬೆಟ್ಟವೂ ಕಾಣುತ್ತದೆ. ಕುವೆಂಪು ಅವರು ವಿದ್ಯಾರ್ಥಿ ದೆಸೆಯಿಂದಲೇ ಈ ಕೆರೆಯತ್ತ ನಡೆದು ಬರುತ್ತಿದ್ದರು. ಅವರ ಕವಿತೆಗಳಲ್ಲಿ ಇದು ಕುಕ್ಕನಹಳ್ಳಿ ಕೆರೆ. ಆರ್.ಕೆ. ನಾರಾಯಣ್ ಅವರ ಆತ್ಮಕಥೆ ‘ಮೈ ಡೇಸ್’ನಲ್ಲಿಯೂ ಇದೇ ದಂಡೆಯ ಪ್ರಸ್ತಾಪವಿದೆ. ಕವಿಗಳು ಕಂಡ ಕೆರೆ ಹಾಗೆಯೇ ಉಳಿದಿದೆಯೇ ಎಂಬ ಪ್ರಶ್ನೆಗೆ ಉತ್ತರ ದಂಡೆಯ ಮೇಲಿಲ್ಲ, ನೀರು ಬರುವ ದಾರಿಯಲ್ಲಿದೆ.

ಕೆರೆಯೆಂದರೆ ಬರಿಯ ಹೊಂಡವಲ್ಲ. ಮಳೆನೀರು ಹರಿದು ಬರುವ ಮೇಲ್ಭಾಗದ ನೆಲ, ಅದನ್ನು ತಡೆಯುವ ಏರಿ, ಗದ್ದೆಗೆ ಬಿಡುವ ತೂಬು, ಹೆಚ್ಚಾದದ್ದು ಹೊರಹೋಗುವ ಕೋಡಿ ಇವೆಲ್ಲ ಸೇರಿದರೆ ಕೆರೆ. ಕುಕ್ಕರಹಳ್ಳಿಗೆ ನೀರು ತರುತ್ತಿದ್ದ ಕಾಲುವೆಗಳಲ್ಲಿ ದಿವಾನ್ ಪೂರ್ಣಯ್ಯನವರ ಹೆಸರಿನ ನಾಲೆ ಪ್ರಮುಖವಾದುದು. ನಗರದ ಪಶ್ಚಿಮಕ್ಕೆ ಬಡಾವಣೆಗಳು ಎದ್ದಂತೆ ಕಾಲುವೆಗಳು ಅಲ್ಲಲ್ಲಿ ಮುಚ್ಚಿಹೋದವು, ಒತ್ತುವರಿಯಾದವು. ಮಳೆನೀರಿನ ದಾರಿ ಕಿರಿದಾದಂತೆ ಮನೆಗಳ ಕೊಳಚೆ ನೀರು ಅದೇ ದಾರಿ ಹಿಡಿದು ಕೆರೆ ಸೇರತೊಡಗಿತು. 2000ರ ದಶಕದ ಆರಂಭದಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ಕೆರೆಯ ಪುನಶ್ಚೇತನ ಕಾರ್ಯ ನಡೆಯಿತಾದರೂ ಕೊಳಚೆಯ ದೂರು ಅಲ್ಲಿಗೆ ನಿಲ್ಲಲಿಲ್ಲ.

ಕೊಳಚೆಯಿಂದ ಆಗುವ ಹಾನಿ ಕೇವಲ ದುರ್ವಾಸನೆಯಲ್ಲ. ಅದರಲ್ಲಿರುವ ಸಾರಜನಕ ಮತ್ತು ರಂಜಕ ಪಾಚಿಗೂ ಅಂತರಗಂಗೆಗೂ ಗೊಬ್ಬರವಾಗುತ್ತವೆ. ಪಾಚಿ ಹಗಲಿನಲ್ಲಿ ಆಮ್ಲಜನಕ ಬಿಡುತ್ತದೆ, ಇರುಳಿನಲ್ಲಿ ಬಳಸುತ್ತದೆ. ಸತ್ತು ಕೊಳೆಯುವ ಪಾಚಿ ಉಳಿದುದನ್ನೂ ಹೀರುತ್ತದೆ. ಆದ್ದರಿಂದ ಇಂತಹ ಕೆರೆಗಳಲ್ಲಿ ನೀರಿನ ಆಮ್ಲಜನಕ ತೀರ ಕುಸಿಯುವುದು ಬೆಳಗಿನ ಜಾವಕ್ಕೆ. ರಾತ್ರಿ ಚೆನ್ನಾಗಿದ್ದ ಮೀನುಗಳು ಮುಂಜಾನೆಯ ವಾಯುವಿಹಾರಿಗಳ ಕಣ್ಣಿಗೆ ಸತ್ತು ತೇಲುತ್ತ ಬೀಳುವುದು ಇದೇ ಕಾರಣಕ್ಕೆ.

ಮೀನು ಹೋದರೆ ಹಕ್ಕಿಯೂ ಇಲ್ಲ. ಬರ್ಡ್‌ಲೈಫ್ ಇಂಟರ್‌ನ್ಯಾಷನಲ್‌ನ ಪ್ರಮುಖ ಪಕ್ಷಿತಾಣಗಳ ಪಟ್ಟಿಯಲ್ಲಿ ಈ ಕೆರೆಗೆ ಸ್ಥಾನವಿದೆ. ನಿಧಾನವಾಗಿ ನಡೆಯುವವರಿಗೆ ಇಲ್ಲಿ ಒಂದೊಂದು ಹಕ್ಕಿಗೂ ಒಂದೊಂದು ಆಳ ಎಂಬುದು ತಾನಾಗಿಯೇ ತಿಳಿಯುತ್ತದೆ. ಹೆಜ್ಜಾರ್ಲೆ ತೇಲುತ್ತಲೇ ಕೊಕ್ಕಿನ ಚೀಲದಲ್ಲಿ ಮೀನನ್ನು ಮೊಗೆಯುತ್ತದೆ. ನೀರುಕಾಗೆ ಮತ್ತು ಹಾವಕ್ಕಿ ಮುಳುಗಿ ಹಿಡಿಯುತ್ತವೆ. ಬಣ್ಣದ ಕೊಕ್ಕರೆಗೆ ಮೊಣಕಾಲುದ್ದದ ನೀರೇ ಬೇಕು, ಅರೆತೆರೆದ ಕೊಕ್ಕನ್ನು ನೀರಿಗಿಳಿಸಿ ತಡಕಿ ಹಿಡಿಯುವುದು ಅದರ ಕ್ರಮ. ಜಂಬುಕೋಳಿಗೆ ಜೊಂಡಿನ ಮರೆ. ಹೂಳೆತ್ತುವ ಉತ್ಸಾಹದಲ್ಲಿ ಅಂಚನ್ನೆಲ್ಲ ಕಡಿದಾಗಿ ಕೊರೆದು ಕಲ್ಲು ಕಟ್ಟಿದರೆ ನೀರು ಹೆಚ್ಚು ನಿಂತೀತು, ಕೊಕ್ಕರೆಗೆ ನಿಲ್ಲಲು ಜಾಗ ಇರದು. ಜೊಂಡು ನೋಡಲು ಚೆಂದವಿಲ್ಲವೆಂದು ಪೂರ್ತಿ ಕಿತ್ತರೂ ಫಲ ಅದೇ. ‘ಸುಂದರೀಕರಣ’ ಎಂಬ ಪದ ಕೇಳಿದಾಗ ಪಕ್ಷಿಪ್ರಿಯರು ಗಾಬರಿಯಾಗುವುದು ಸುಮ್ಮನೆ ಅಲ್ಲ.

ಇಲ್ಲಿ ನಡೆಯಲು ವಿಶೇಷ ಸಿದ್ಧತೆಯೇನೂ ಬೇಡ. ಮಳೆಗಾಲದಲ್ಲಿ ಕೆಸರಿಗೆ ಒಗ್ಗುವ ಚಪ್ಪಲಿ, ಕೈಯಲ್ಲೊಂದು ನೀರಿನ ಬಾಟಲಿ ಇದ್ದರಾಯಿತು. ಬಾಟಲಿ ಮನೆಗೆ ವಾಪಸು ಹೋಗಬೇಕು ಅಷ್ಟೆ. ಬ್ರೆಡ್ಡು, ಮಂಡಕ್ಕಿ ಎಸೆಯುವ ಅಭ್ಯಾಸವೂ ಕೆರೆಗೆ ಉಪಕಾರಿಯಲ್ಲ, ತಿನ್ನದೆ ಉಳಿದದ್ದು ಅದೇ ನೀರಿನಲ್ಲಿ ಕೊಳೆಯುತ್ತದೆ. ಬಿರುಸಿನ ನಡಿಗೆಯವರು ಒಂದೆರಡು ಕಡೆಯಾದರೂ ನಿಂತು ನೋಡುವುದು ಲೇಸು. ನೀರಿನಲ್ಲಿ ಬಾಗಿದ ಕೊಂಬೆಯ ಮೇಲೆ ಹಾವಕ್ಕಿ ರೆಕ್ಕೆಗಳನ್ನು ಪೂರ್ತಿ ಹರಡಿ ಕುಳಿತಿರುತ್ತದೆ. ಬಾತುಕೋಳಿಯ ಗರಿಯಂತೆ ಅದರ ಗರಿ ನೀರನ್ನು ಕೊಡವಿಕೊಳ್ಳುವುದಿಲ್ಲ, ನೆನೆಯುತ್ತದೆ. ನೆನೆದು ಭಾರವಾಗುವುದರಿಂದಲೇ ಅದು ಸುಲಭವಾಗಿ ಮುಳುಗಬಲ್ಲದು. ಮೀನು ಹಿಡಿದು ಮೇಲೆ ಬಂದ ಮೇಲೆ ಮಾತ್ರ ಮುಂದಿನ ಮುಳುಗಿಗೆ ಮೊದಲು ಹೀಗೆ ಬಿಸಿಲಿಗೆ ಒಣಗಬೇಕು.